ಮಗ್ಗ ತೊಳೆದ ಹೆಂಗಸು

"ಗುರುಗಳೇ, ಕಲಿಯಲು ಬಂದವರಿಗೆ ಎಲ್ಲವನ್ನೂ ಸಿದ್ಧಮಾಡಿ ಕೊಡುವುದು ಸರಿಯೇ, ತಪ್ಪೇ?" ಎಂದು ಚಂಬಣ್ಣ ಕೇಳಿದ.

ಅವನು ಹೀಗೆ ಕೇಳಲು ಕಾರಣವಿತ್ತು. ಅದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದಿನ ಕತೆ ಯಾಕೆ ಬಂತೆಂದು ತಿಳಿಯುವುದಿಲ್ಲ. ಚಂಬಣ್ಣ ಅಂದಾನಪ್ಪ ಮೇಷ್ಟ್ರ ಶಿಷ್ಯ. ಮೇಷ್ಟ್ರು ಬಹಳ ವರ್ಷ ನಡೆಸಿದ ಕಂಪ್ಯೂಟರ್ ತರಗತಿಯನ್ನು ಈಗ ಅವನು ನಡೆಸುತ್ತಿದ್ದ. ಅಲ್ಲಿ ಡೇಟಾಬೇಸ್ ಕಲಿಸುತ್ತಾರೆ. ಡೇಟಾಬೇಸ್ ಎಂದರೆ ರಾಶಿ ಮಾಹಿತಿಯನ್ನು ಒಪ್ಪವಾಗಿ ಜೋಡಿಸಿಟ್ಟುಕೊಂಡು, ಕೇಳಿದ್ದನ್ನು ಕೇಳಿದ ಕೂಡಲೇ ತೆಗೆದುಕೊಡುವ ತಂತ್ರಾಂಶ. ಅದನ್ನು ಬಳಸುವುದು ಅಷ್ಟು ಕಷ್ಟವಲ್ಲ. ಮೊದಲ ಸಲ ಕಂಪ್ಯೂಟರಿನಲ್ಲಿ ಕೂರಿಸುವುದು ಕಷ್ಟ. ಒಂದು ಕಡೆ ತಪ್ಪಿದರೂ ಅದು ಏಳುವುದಿಲ್ಲ, ಎಲ್ಲಿ ತಪ್ಪಿತೆಂದು ಹೇಳುವುದೂ ಇಲ್ಲ. ಹೋದ ವರ್ಷ ಇಪ್ಪತ್ತಾರು ಜನ ಸೇರಿದ್ದರು. ಕೂರಿಸುವುದರಲ್ಲೇ ಮೂರು ವಾರ ಕಳೆಯಿತು. ಹತ್ತೊಂಬತ್ತು ಜನ ಬಿಟ್ಟುಹೋದರು.

ಆದ್ದರಿಂದ ಈ ವರ್ಷ ಚಂಬಣ್ಣ ಒಂದು ವರ್ಚುವಲ್ ಮಷೀನ್ ಕಟ್ಟಿದ್ದ. ಅದು ಕಂಪ್ಯೂಟರಿನ ಒಳಗೇ ಓಡುವ ಇನ್ನೊಂದು ಕಂಪ್ಯೂಟರ್. ಅದನ್ನು ಕೈಯಲ್ಲಿ ಮುಟ್ಟಲಾಗದು, ಏಕೆಂದರೆ ಅದು ಬರಿಯ ಒಂದು ಫೈಲ್. ಅದರೊಳಗೆ ಡೇಟಾಬೇಸನ್ನು ಕೂರಿಸಿ, ಹೊಂದಿಸಿ, ಅಭ್ಯಾಸಕ್ಕೆ ಬೇಕಾದ ಪಟ್ಟಿಗಳನ್ನೂ ತುಂಬಿಸಿದ್ದ. ಕಲಿಯುವವರು ಆ ಫೈಲಿನ ಒಂದು ನಕಲು ತೆಗೆದುಕೊಂಡು ತೆರೆದರೆ ಸಾಕು, ಮೊದಲ ದಿನವೇ ಕೆಲಸ ಶುರು. ಒಬ್ಬರ ನಕಲು ಕೆಟ್ಟರೆ ಇನ್ನೊಂದು ಕೊಡಬಹುದು. ಆದರೂ ಹೊಸಬರು ಒಳಗೆ ಕೈಯಾಡಿಸಿ ಕೆಡಿಸಿಯಾರು ಎಂದು ಒಳಗಿನ ಹೊಂದಿಕೆಗೆಲ್ಲ ಬೀಗ ಹಾಕಿದ್ದ. ಬೀಗವೆಂದರೆ ಪಾಸ್‌ವರ್ಡ್. ಅದು ಅವನೊಬ್ಬನಿಗೇ ಗೊತ್ತಿತ್ತು. ಮರುದಿನ ಬೆಳಿಗ್ಗೆ ಆ ಮಷೀನನ್ನು ಹಂಚಬೇಕಾಗಿತ್ತು.

"ಕೆಲವರು ಭೇಷ್ ಅನ್ನುತ್ತಾರೆ. ಕೆಲವರು ತುತ್ತು ಮಾಡಿ ಬಾಯಿಗೆ ಇಡುತ್ತಿದ್ದೀಯ ಅನ್ನುತ್ತಾರೆ. ನನಗೆ ತಿಳಿಯುತ್ತಿಲ್ಲ. ಕಲಿತವರು ನಾಳೆ ಇದೇ ಕೆಲಸ ನಂಬಿಕೊಂಡು ಬದುಕಬೇಕು" ಎಂದು ಚಂಬಣ್ಣ ಹೇಳಿದ.

ಮೇಷ್ಟ್ರು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದೂರಲ್ಲಿ ಒಬ್ಬ ನೇಕಾರನಿದ್ದ. ಅವನ ಬಳಿ ನೇಯ್ಗೆ ಕಲಿಯಲು ಜನ ಬರುತ್ತಿದ್ದರು, ಬಂದಷ್ಟೇ ಬೇಗ ಓಡಿಹೋಗುತ್ತಿದ್ದರು. ಓಡಿಹೋಗಲು ಕಾರಣ ಹಾಸು ಹೂಡುವ ಕೆಲಸ. ಬಟ್ಟೆಯಲ್ಲಿ ಉದ್ದಕ್ಕೆ ಬರುವ ನೂಲಿಗೆ ಹಾಸು ಎನ್ನುತ್ತಾರೆ, ಅಡ್ಡಕ್ಕೆ ಬರುವ ನೂಲಿಗೆ ಹೊಕ್ಕು ಎನ್ನುತ್ತಾರೆ. ಒಂದು ಪಂಚೆಯ ಹಾಸಿನಲ್ಲಿ ಸಾವಿರದಿನ್ನೂರು ಎಳೆ. ಒಂದೊಂದು ಎಳೆಯನ್ನೂ ಮಗ್ಗದ ಒಂದೊಂದು ಕಣ್ಣಿನಲ್ಲಿ ತೂರಿಸಿ, ಆಮೇಲೆ ಹಣಿಗೆಯ ಹಲ್ಲುಗಳ ನಡುವೆ ಎಳೆಯಬೇಕು. ಒಂದು ಎಳೆ ತಪ್ಪಿದರೆ ಅಲ್ಲಿಂದ ಮುಂದಿನದೆಲ್ಲ ತಪ್ಪು. ಕಲಿಯಲು ಬಂದವರ ಕಣ್ಣು ಉರಿಯುತ್ತಿತ್ತು, ಬೆನ್ನು ನೋಯುತ್ತಿತ್ತು. ಒಂದು ಗೇಣು ಬಟ್ಟೆಯನ್ನೂ ನೇಯದೆ ಅವರು ಮನೆಗೆ ಹೋಗುತ್ತಿದ್ದರು.

ನೇಕಾರ ಯೋಚಿಸಿದ. ಇವರು ಬಂದದ್ದು ನೇಯುವುದಕ್ಕೆ, ಕಣ್ಣು ಕೆಡಿಸಿಕೊಳ್ಳುವುದಕ್ಕಲ್ಲ. ಅವನು ಮಗ್ಗಗಳಿಗೆ ತಾನೇ ಹಾಸು ಹೂಡಿದ, ತಾನೇ ಒಂದು ಗೇಣು ನೇಯ್ದ, ಆಮೇಲೆ ಬಂದವರನ್ನು ಕೂರಿಸಿದ. ಅವರು ಲಾಳಿ ಎಸೆಯುವುದಷ್ಟೇ ಉಳಿದಿತ್ತು. ಸಂಜೆಯೊಳಗೆ ಬಟ್ಟೆ ಬಂತು. ಬಂದವರು ಯಾರೂ ಓಡಿಹೋಗಲಿಲ್ಲ.

ಹಾಗೆ ಕಲಿತವರಲ್ಲಿ ಒಬ್ಬ ಹೆಂಗಸಿದ್ದಳು. ಅವಳು ಕ್ವಾರಿಯಲ್ಲಿ ಕಲ್ಲು ಒಡೆಯುತ್ತಿದ್ದವಳು. ಕೈ ಚುರುಕಾಗಿತ್ತು. ಎರಡು ತಿಂಗಳಲ್ಲಿ ಚೆನ್ನಾಗಿ ನೇಯ್ದಳು. ನೇಕಾರ ಹಾಸು ಹೂಡಿದ ಒಂದು ಮಗ್ಗವನ್ನು ಅವಳ ಮನೆಗೇ ಕೊಟ್ಟ. ಅವಳು ಕ್ವಾರಿ ಬಿಟ್ಟಳು. ಆ ಹಾಸು ಮುಗಿಯಿತು. ಒಬ್ಬ ವ್ಯಾಪಾರಿ ಅವಳ ಬಟ್ಟೆ ನೋಡಿ ಮೆಚ್ಚಿ ಹೊಸ ಹಾಸು, ಹೊಕ್ಕಿನ ನೂಲು ಎರಡನ್ನೂ ತಂದುಕೊಟ್ಟ.

"ಇನ್ನು ಒಂಬತ್ತು ದಿನಕ್ಕೆ ಅಮಾವಾಸ್ಯೆ. ಅಷ್ಟರೊಳಗೆ ಬಟ್ಟೆ ಕೊಟ್ಟರೆ ತಿಂಗಳು ತಿಂಗಳೂ ನಿನಗೇ ನೂಲು. ತಪ್ಪಿದರೆ ಮುಂದಿನ ನೂಲು ಬೇರೆ ಮನೆಗೆ" ಎಂದ.

ನೂಲು ತಪ್ಪಿದರೆ ಅವಳು ಮತ್ತೆ ಕ್ವಾರಿಗೆ ಹೋಗಬೇಕು. ಅದು ಅವಳಿಗೆ ಗೊತ್ತಿತ್ತು.

ಅವಳು ಹೊಸ ನೂಲಿಗೆ ಮಗ್ಗ ಅಣಿಮಾಡಿದಳು. ಹಳೆಯ ಹಾಸಿನ ತುದಿ ಇನ್ನೂ ಮಗ್ಗದಲ್ಲೇ ಇತ್ತು. ಅದನ್ನು ಒಂದೆಳೆಯೂ ಬಿಡದಂತೆ ಕಿತ್ತು ತೆಗೆದಳು. ಮಗ್ಗವನ್ನು ಒರೆಸಿದಳು, ಹಣಿಗೆಯನ್ನು ತೊಳೆದಳು, ಅರಿಶಿನ ಕುಂಕುಮ ಹಚ್ಚಿದಳು. ಆಮೇಲೆ ಹೊಸ ನೂಲು ಹಿಡಿದು ಕುಳಿತಳು. ಅದನ್ನು ಎಲ್ಲಿಗೆ ಕಟ್ಟಬೇಕೆಂದು ತಿಳಿಯಲಿಲ್ಲ.

ನೇಕಾರರ ಮನೆಯಲ್ಲಿ ಹುಟ್ಟಿದ ಮಗುವೂ ಹೀಗೆ ಹಳೆಯ ಎಳೆ ಕೀಳುವುದಿಲ್ಲ. ಹಳೆಯ ಹಾಸು ಮುಗಿದಾಗ ಅವರು ತುದಿಯ ಒಂದು ಮೊಳವನ್ನು ಮಗ್ಗದಲ್ಲೇ ಬಿಡುತ್ತಾರೆ. ಹೊಸ ಎಳೆಗಳನ್ನು ಆ ಹಳೆಯ ಎಳೆಗಳಿಗೆ ಒಂದೊಂದಾಗಿ ಹೊಸೆದು ಮುಂದಕ್ಕೆ ಎಳೆಯುತ್ತಾರೆ. ಹಳೆಯದರ ಹಿಂದೆಯೇ ಹೊಸದು ಕಣ್ಣು ದಾಟಿ ಬರುತ್ತದೆ. ಒಮ್ಮೆ ಹೂಡಿದ ಮಗ್ಗವನ್ನು ಹೀಗೆ ವರ್ಷಗಟ್ಟಲೆ ಮತ್ತೆ ಹೂಡುವ ಕೆಲಸವಿರುವುದಿಲ್ಲ. ಇದು ಎಲ್ಲರಿಗೂ ಗೊತ್ತೆಂದುಕೊಂಡು ನೇಕಾರ ಅವಳಿಗೆ ಹೇಳಿರಲೇ ಇಲ್ಲ.

ಅವಳು ಹೇಳಿಕಳಿಸಿದಾಗ ನೇಕಾರನ ಅಣ್ಣ ಜಗಲಿಯ ಮೇಲೆ ಕುಳಿತಿದ್ದ. "ಬೇಯಿಸಿ ಬಡಿಸಿದ್ದಾಯ್ತು. ಈಗ ಉಣಿಸಿ ಬರಲಿಕ್ಕೆ ಕರೀತಿದ್ದಾಳೆ, ಹೋಗಪ್ಪ" ಎಂದ.

ನೇಕಾರ ಹೋಗಿ ಮಗ್ಗ ನೋಡಿದ. ಅದು ಥಳಥಳ ಹೊಳೆಯುತ್ತಿತ್ತು.

"ಯಾಕವ್ವ ಹೀಗೆ ಮಾಡಿದೆ?"

"ಹೊಸ ಹಿಟ್ಟು ಕಲಸೋ ಮುಂಚೆ ಪರಾತ ತೊಳೆಯೋದಿಲ್ಲೇನ್ರಿ ಅಣ್ಣಾ? ಹಂಗೇ ತೊಳೆದೆ" ಎಂದಳು.

ನೇಕಾರನಿಗೆ ನಗು ಬಂತು, ಆದರೆ ನಗಲಿಲ್ಲ. ದಿನ ಎಣಿಸಿದ. ನೇಯಲು ಏಳು ದಿನ ಬೇಕು. ಉಳಿದದ್ದು ಎರಡು ದಿನ. ತಾನು ಹೂಡಿದರೆ ಎರಡು ದಿನದಲ್ಲಿ ಹೂಡಬಹುದು. ಅವಳೇ ಹೂಡಿದರೆ ಆರು ದಿನ ಬೇಕು. ಇದನ್ನು ಅವನು ಮುಚ್ಚಿಡಲಿಲ್ಲ, ಹಾಗೆಯೇ ಅವಳಿಗೆ ಹೇಳಿದ.

"ನೀವು ಹೂಡಿದರೆ ಈ ಅಮಾವಾಸ್ಯೆ ದಾಟತೀನಿ. ಮುಂದೆ ನೂಲು ಹರಿದರೆ ಮತ್ತೆ ನಿಮ್ಮ ಬಾಗಿಲಿಗೇ ಬರಬೇಕಲ್ರಿ. ನಾಳೆ ನೀವು ಇರದಿದ್ರೆ?" ಎಂದಳು. ನೂಲೆಳೆಯುವ ಕೊಕ್ಕೆಗೆ ಕೈ ಚಾಚಿದಳು.

ನೇಕಾರ ಮಗ್ಗದ ಹಿಂದೆ ಕುಳಿತು ಒಂದೊಂದೇ ಎಳೆ ಕೊಟ್ಟ. ಅವಳು ಮುಂದೆ ಕುಳಿತು ಎಳೆದುಕೊಂಡಳು. ಎರಡು ಸಲ ತಪ್ಪಿತು, ಎರಡು ಸಲವೂ ಬಿಚ್ಚಿದರು. ಆರು ದಿನ ಹಿಡಿಯಿತು. ಬಟ್ಟೆ ಮುಗಿದಾಗ ಅಮಾವಾಸ್ಯೆ ಕಳೆದು ನಾಲ್ಕು ದಿನವಾಗಿತ್ತು. ವ್ಯಾಪಾರಿ ಬಟ್ಟೆ ತೆಗೆದುಕೊಂಡ. ನೂಲನ್ನು ಬೇರೆ ಮನೆಗೆ ಕೊಟ್ಟ. ಅವಳು ಬುತ್ತಿ ಕಟ್ಟಿಕೊಂಡು ಕ್ವಾರಿಗೆ ಹೋದಳು.

ನೇಕಾರ ಅವಳು ಹೋಗುವುದನ್ನು ನೋಡಿದ. ಅಂದು ಅವನು ಅಣ್ಣನಿಗೆ ಹೇಳಿದ: "ನಾನು ಅವಳ ಕಷ್ಟ ತೆಗೆದೆ ಅಂದುಕೊಂಡಿದ್ದೆ. ತೆಗೆದಿರಲಿಲ್ಲ. ಅವಳ ಅನ್ನಕ್ಕೆ ಕುತ್ತು ಬರುವ ದಿನಕ್ಕೆ ಮುಂದೂಡಿದ್ದೆ, ಅಷ್ಟೇ."

"ಹಾಗಾದರೆ ಇನ್ನು ಮೇಲೆ ಖಾಲಿ ಮಗ್ಗ ಕೊಡು. ಹಿಂದಿನ ಹಾಗೆ ಓಡಿಹೋಗಲಿ" ಎಂದ ಅಣ್ಣ.

ನೇಕಾರ ಹಾಗೆ ಮಾಡಲಿಲ್ಲ. ಹೂಡಿದ ಮಗ್ಗವನ್ನೇ ಕೊಟ್ಟ. ಬಂದವರು ಮೊದಲ ದಿನವೇ ನೇಯ್ದರು, ಹಿಗ್ಗಿದರು. ಆದರೆ ಮೊದಲ ಬಟ್ಟೆ ಇಳಿಸಿದ ದಿನ, ತನ್ನ ಅಂಗಳದಲ್ಲೇ, ಎಳೆಗಳನ್ನೆಲ್ಲ ಕಿತ್ತು ಹಾಕುವಂತೆ ಅವರಿಗೆ ಹೇಳುತ್ತಿದ್ದ. ಕೀಳಲು ಅವರು ಹೆದರುತ್ತಿದ್ದರು. ಅವನು ಪಕ್ಕದಲ್ಲಿ ಕುಳಿತಿರುತ್ತಿದ್ದ. ಕಿತ್ತ ಮೇಲೆ ಅವರೇ ಹೂಡುತ್ತಿದ್ದರು. ಬಟ್ಟೆ ನೇಯ್ದ ರುಚಿ ಹತ್ತಿದ್ದರಿಂದ ಈಗ ಯಾರೂ ಓಡಿಹೋಗುತ್ತಿರಲಿಲ್ಲ.

ಆ ಹೆಂಗಸಿಗೆ ಮತ್ತೆ ನೂಲು ಸಿಗಲು ಐದು ತಿಂಗಳು ಬೇಕಾಯಿತು.

ಮೇಷ್ಟ್ರು ಕತೆ ನಿಲ್ಲಿಸಿದರು. ಸಿದ್ಧ ಮಷೀನನ್ನು ಹಂಚಬಹುದೆಂದು ಚಂಬಣ್ಣನಿಗೆ ತಿಳಿಯಿತು. ಆದರೆ ಒಂದು ಅಳುಕು ಹಾಗೆಯೇ ಉಳಿದಿತ್ತು.

"ಗುರುಗಳೇ, ಮಷೀನ್ ಕೊಡುತ್ತೇನೆ. ಕೂರಿಸುವ ವಿಧಾನವನ್ನೂ ಬರೆದು ಕೊಡುತ್ತೇನೆ. ಆದರೆ ಬೀಗ ಮಾತ್ರ ಇರಲಿ. ಅದನ್ನು ತೆಗೆದರೆ ಮೊದಲ ವಾರವೇ ಎಲ್ಲರೂ ಕೆಡಿಸಿಬಿಡುತ್ತಾರೆ."

"ಕೆಟ್ಟರೂ ಯಾರ ಅನ್ನವೂ ಹೋಗದಂಥ ಮಷೀನನ್ನು ನೀನು ಕಟ್ಟಿದ್ದು ಮತ್ತೆ ಯಾತಕ್ಕೋ ತಮ್ಮಾ?" ಎಂದರು ಮೇಷ್ಟ್ರು.