ಚೆಂಡುಹೂವಿನ ದಾರ

ಶಿಷ್ಯನೊಬ್ಬ ಗುರುಗಳ ಮುಂದೆ ಬಂದು ಕೂತು ಕೇಳಿದ: "ಗುರುಗಳೇ, ಉಪಕಾರ ಮಾಡಿದವರ ಋಣವನ್ನು ಹೇಗೆ ತೀರಿಸಬೇಕು?"

"ಯಾರ ಋಣ?" ಎಂದರು ಗುರುಗಳು.

"ನನ್ನ ಅಕ್ಕನದು. ತಾಯಿ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ದುಡಿದು ಓದಿಸಿದಳು. ಈಗ ನನಗೆ ಮನೆಯಿದೆ, ಅನುಕೂಲವಿದೆ. ಅವಳನ್ನು ಕರೆತಂದು ನನ್ನ ಜೊತೆಯಲ್ಲೇ ಇರಿಸಿಕೊಂಡಿದ್ದೇನೆ. ಒಂದು ಲೋಟ ಎತ್ತಿಡಲೂ ಬಿಡುವುದಿಲ್ಲ. ಆದರೂ ಅವಳಿಗೆ ಸಮಾಧಾನವಿಲ್ಲ. ಕಾರವಾರದಲ್ಲಿ ಹುಡುಗಿಯರ ಹಾಸ್ಟೆಲ್ಲೊಂದನ್ನು ನೋಡಿಕೊಳ್ಳಲು ಕರೆದಿದ್ದಾರೆ, ಹೋಗುತ್ತೇನೆ ಎನ್ನುತ್ತಾಳೆ. ಸೋಮವಾರ ಅವಳು ಅಲ್ಲಿರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರಂತೆ. ನಾನು ಅವಳ ಟ್ರಂಕನ್ನು ಅಟ್ಟದ ಮೇಲೆ ಹಾಕಿಬಿಟ್ಟಿದ್ದೇನೆ. ಅವಳ ಕೈಗೆ ಎಟುಕುವುದಿಲ್ಲ."

"ಅದಕ್ಕೆ ಅಕ್ಕ ಏನಂದಳು?"

ಶಿಷ್ಯ ತಲೆ ತಗ್ಗಿಸಿದ. "'ಲೋ, ನನ್ನನ್ನೂ ಅಲ್ಲಿಗೇ ಹತ್ತಿಸಿಬಿಡು, ಟ್ರಂಕಿಗೆ ಜೊತೆಯಾಗುತ್ತೆ' ಅಂದಳು."

ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನ ಆಟದ ಮೈದಾನದಲ್ಲಿ ಒಬ್ಬ ಮಾಲಿಯಿದ್ದ. ಹುಲ್ಲು ಕತ್ತರಿಸುವುದು ಅವನ ಕೆಲಸ. ಬಹಳ ಕಾಲ ಅವನು ಕೈಯಿಂದ ತಳ್ಳುವ ಯಂತ್ರದಲ್ಲೇ ಇಡೀ ಮೈದಾನವನ್ನು ಕತ್ತರಿಸುತ್ತಿದ್ದ. ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಮೊದಲ ತುದಿಯಲ್ಲಿ ಹುಲ್ಲು ಮತ್ತೆ ಬೆಳೆದಿರುತ್ತಿತ್ತು. ಮನೆಗೆ ಬಂದರೆ ಹೆಗಲು ನೋವಿಗೆ ತುತ್ತು ಎತ್ತಲೂ ಆಗುತ್ತಿರಲಿಲ್ಲ.

ಆಮೇಲೆ ಮೈದಾನಕ್ಕೆ ಹೊಸ ಯಂತ್ರ ಬಂತು. ಮೇಲೆ ಕೂತು ಓಡಿಸುವಂಥದು. ಅದಕ್ಕೆ ಸ್ಟೀರಿಂಗ್ ಇಲ್ಲ. ಎರಡು ಕೈಗೆ ಎರಡು ಹಿಡಿಕೆ. ಎಡಹಿಡಿಕೆ ಹಿಂದಿನ ಎಡಚಕ್ರವನ್ನು ಆಡಿಸುತ್ತದೆ, ಬಲಹಿಡಿಕೆ ಬಲಚಕ್ರವನ್ನು. ಎರಡನ್ನೂ ಸಮವಾಗಿ ಮುಂದೆ ಒತ್ತಿದರೆ ನೇರ ಹೋಗುತ್ತದೆ. ಒಂದನ್ನು ಮುಂದೊತ್ತಿ ಇನ್ನೊಂದನ್ನು ಹಿಂದೆಳೆದರೆ ನಿಂತಲ್ಲೇ ತಿರುಗುತ್ತದೆ. ಮಾಲಿ ಅದನ್ನು ಬೇಗ ಕಲಿತ. ಅವನು ಕತ್ತರಿಸಿದ ಸಾಲುಗಳು ಇಸ್ತ್ರಿ ಮಾಡಿದ ಪಂಚೆಯ ಮಡಿಕೆಯ ಹಾಗೆ ಕಾಣುತ್ತಿದ್ದವು. ಬಿಸಿಲು ಇಳಿಯುವ ಮೊದಲೇ ಮನೆ ಸೇರುತ್ತಿದ್ದ. ಹೆಂಡತಿಯ ಜೊತೆ ಜಗಲಿಯಲ್ಲಿ ಕೂತು ಕಾಫಿ ಕುಡಿಯುವಷ್ಟು ಹೊತ್ತು ಮಿಗುತ್ತಿತ್ತು. ಹೆಗಲ ನೋವು ಹೋಯಿತು. ದಿನವೂ ಕೆಲಸ ಮುಗಿಸಿ ಇಳಿಯುವಾಗ ಯಂತ್ರವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ.

ಆಯುಧಪೂಜೆ ಬಂತು. ಮಾಲಿ ಯಂತ್ರವನ್ನು ತೊಳೆದ, ವಿಭೂತಿ ಬಳಿದ, ಕುಂಕುಮವಿಟ್ಟ. ಚಕ್ರದಡಿ ನಿಂಬೆಹಣ್ಣು ಇಟ್ಟ. ಒಂದೊಂದು ಹಿಡಿಕೆಯ ಬುಡಕ್ಕೂ ದಪ್ಪನೆಯ ಚೆಂಡುಹೂವಿನ ಮಾಲೆ ಸುತ್ತಿದ. ಎಡಗಡೆಯದು ಸಡಿಲವೆನಿಸಿತು. ಬಿದ್ದುಹೋದರೆ ಅಪಶಕುನವೆಂದು ನೈಲಾನ್ ದಾರದಲ್ಲಿ ಇನ್ನೆರಡು ಸುತ್ತು ಸುತ್ತಿ ಬಿಗಿಯಾಗಿ ಗಂಟು ಹಾಕಿದ. ಪೂಜೆಯ ಮಾಲೆಯನ್ನು ಕೈಯಾರೆ ಕಿತ್ತೆಸೆಯಬಾರದು, ಅದಾಗಿ ಬಾಡಿ ಉದುರಬೇಕು ಎಂದು ಅವನ ಮನೆಯಲ್ಲಿ ನಡೆದುಬಂದ ಪದ್ಧತಿ. ಹಾಗಾಗಿ ಹಾಗೇ ಬಿಟ್ಟ.

ಬಲಗಡೆಯ ಮಾಲೆ ಒಣಗಿ ಎಲ್ಲೋ ಹಾರಿಹೋಯಿತು. ಎಡಗಡೆಯ ಹೂವೂ ಉದುರಿತು. ಅಲ್ಲಿಂದ ಮುಂದೆ ಯಂತ್ರ ಎಡಕ್ಕೆ ಎಳೆಯತೊಡಗಿತು.

ಮೊದಮೊದಲು ಸ್ವಲ್ಪ. ಆಮೇಲೆ ಹೆಚ್ಚು. ಎರಡೂ ಹಿಡಿಕೆಗಳನ್ನು ಪೂರ್ತಿ ಮುಂದೊತ್ತಿದರೂ ಯಂತ್ರ ಬೇಲಿಯ ಕಡೆಗೆ ಹೋಗುತ್ತಿತ್ತು. ಮಾಲಿ ಚಕ್ರಗಳ ಗಾಳಿ ನೋಡಿದ. ಎಡಚಕ್ರದಲ್ಲಿ ತುಸು ಕಡಿಮೆಯಿತ್ತು. ಎರಡನ್ನೂ ಸಮ ಮಾಡಿದ. ಎಳೆತ ನಿಲ್ಲಲಿಲ್ಲ. ಬೆಲ್ಟು ಸವೆದಿದೆಯೇನೋ ಎಂದು ನೋಡಿದ. ಬೆಲ್ಟು ಗಟ್ಟಿಯಾಗಿತ್ತು. ಎಡಗಡೆಗೆ ಯಾರದೋ ದೃಷ್ಟಿ ತಾಗಿದೆ ಎಂದುಕೊಂಡು ಎಡಹಿಡಿಕೆಗೆ ಒಂದು ಕಪ್ಪು ದಾರವನ್ನೂ ಕಟ್ಟಿದ. ಅದರಿಂದಲೂ ಏನೂ ಆಗಲಿಲ್ಲ.

ಕೊನೆಗೆ ಬಲಚಕ್ರವನ್ನೇ ತಡೆದು ತಡೆದು ಓಡಿಸತೊಡಗಿದ. ಎಡಚಕ್ರ ಓಡುವಷ್ಟೇ ಬಲಚಕ್ರವನ್ನೂ ಓಡಲು ಬಿಟ್ಟ. ಯಂತ್ರ ಹೇಗೋ ನೇರ ಹೋಯಿತು, ಆದರೆ ಆಮೆಯ ಹಾಗೆ. ಕೈ ಜೋಮು ಹಿಡಿಯುತ್ತಿತ್ತು. ಮನೆ ಸೇರುವಾಗ ಮತ್ತೆ ಕತ್ತಲಾಗುತ್ತಿತ್ತು. ಕಾಫಿ ಆರಿಹೋಗಿರುತ್ತಿತ್ತು.

ಮೈದಾನದ ಮೇಲ್ವಿಚಾರಕ ಬಂದು ಡೊಂಕು ಸಾಲುಗಳನ್ನು ನೋಡಿದ. "ಏನಯ್ಯಾ ಇದು? ಎಮ್ಮೆ ಮೇಯಿಸಿದ್ದೀಯಾ? ಭಾನುವಾರ ಪಂದ್ಯ ಇದೆ. ಅಷ್ಟರಲ್ಲಿ ಸರಿಹೋಗದಿದ್ರೆ ಇದನ್ನ ಗುಜರಿಗೆ ಹಾಕ್ತೀನಿ. ನಿನ್ನ ಹಳೇ ತಳ್ಳೋ ಯಂತ್ರ ಕೊಟ್ಟಿಗೆಯಲ್ಲೇ ಇದೆ" ಎಂದ.

ಅಂದು ಮಾಲಿಗೆ ಊಟ ಸೇರಲಿಲ್ಲ. ಹೆಂಡತಿ ಕೇಳಿದಳು: "ಯಾವತ್ತಿಂದ ರೀ ಇದು ಹೀಗೆ?"

"ಹಬ್ಬ ಆದ ಮೇಲಿಂದ."

"ಹಬ್ಬಕ್ಕೆ ಮುಂಚೆ?"

"ಮುಂಚೆ ಬಂಗಾರದಂಗಿತ್ತು."

"ಹಾಗಾದ್ರೆ ಹಬ್ಬದ ದಿನ ನೀವು ಅದಕ್ಕೇನು ಮಾಡಿದ್ರೋ ಅದನ್ನ ನೋಡಿ."

ಮಾಲಿಗೆ ಸಿಟ್ಟು ಬಂತು. "ಪೂಜೆ ಮಾಡಿದೆ ಕಣೇ! ಅಷ್ಟು ಉಪಕಾರ ಮಾಡಿದ್ದಕ್ಕೆ ಒಂದು ಹೂವು ಏರಿಸಬಾರದಾ? ಪೂಜೆಯಿಂದ ಯಾರಿಗಾದ್ರೂ ಕೆಡುಕಾಗತ್ತಾ?"

"ಪೂಜೆ ಬೇಡ ಅಂತ ಯಾರಂದ್ರು? ಕಟ್ಟಿದ್ದು ಎಲ್ಲಿ ಹೋಯ್ತು ಅಂತ ನೋಡಿ ಅಂದೆ. ಹೂವು ಉದುರತ್ತೆ. ನಿಮ್ಮ ನೈಲಾನ್ ದಾರ ಉದುರತ್ತಾ? ಒಂದ್ಸಲ ನನ್ನ ಸೀರೆಗಳ ಮೂಟೇನೂ ಹಾಗೇ ಕಟ್ಟಿ, ಆಮೇಲೆ ಕತ್ತರೀಲಿ ಬಿಡಿಸಿದ್ರಿ."

ಮರುದಿನ ಮಾಲಿ ಯಂತ್ರ ಆರಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು, ಸೀಟು ಎತ್ತಿದ. ಎಡಹಿಡಿಕೆಯಿಂದ ಒಳಗೆ ಹೋಗುವ ಸರಳಿನ ಸುತ್ತ ಒಂದು ಮುದ್ದೆ ಕಂಡಿತು. ಮಾಲೆಯ ದಾರ ಕೆಳಕ್ಕೆ ಜಾರಿ ಸರಳಿಗೆ ಸುತ್ತಿಕೊಂಡಿತ್ತು. ಅದಕ್ಕೆ ದಿನದಿನವೂ ಹಸಿ ಹುಲ್ಲು ಮೆತ್ತಿ, ಒಣಗಿ, ಮಣ್ಣಿನ ಹೆಂಟೆಯ ಹಾಗೆ ಗಟ್ಟಿಯಾಗಿತ್ತು. ಹಿಡಿಕೆ ಮುಂದೆ ಹೋದಂತೆ ಕಾಣುತ್ತಿತ್ತು. ಒಳಗೆ ಸರಳು ಆ ಹೆಂಟೆಗೆ ತಾಗಿ ಅರ್ಧದಲ್ಲೇ ನಿಲ್ಲುತ್ತಿತ್ತು. ಹೆಂಟೆ ಬೆಳೆದಷ್ಟೂ ಚಕ್ರ ನಿಧಾನವಾಗಿತ್ತು.

ಮಾಲಿ ಕುಡುಗೋಲು ಕೈಗೆತ್ತಿಕೊಂಡ. ಅವನ ಕೈಯೇ ಕಟ್ಟಿದ ದಾರ. ಭಕ್ತಿಯಿಂದ ಕಟ್ಟಿದ ದಾರ. ಅದನ್ನು ಕೊಯ್ಯಲು ಮನಸ್ಸು ಬರಲಿಲ್ಲ. ಬಿಟ್ಟರೆ ಯಂತ್ರ ಗುಜರಿಗೆ ಹೋಗುತ್ತದೆ.

"ತಪ್ಪಾಯ್ತಪ್ಪಾ" ಎಂದು ಯಂತ್ರಕ್ಕೆ ಹೇಳಿ ದಾರ ಕೊಯ್ದ. ಮೇಲೆ ಕಟ್ಟಿದ್ದ ಕಪ್ಪು ದಾರವನ್ನೂ ಬಿಚ್ಚಿದ. ಎರಡನ್ನೂ ಬೇವಿನ ಮರದ ಬುಡದಲ್ಲಿಟ್ಟು ಬಂದು ಹತ್ತಿ ಕೂತ. ಎರಡೂ ಹಿಡಿಕೆಗಳನ್ನು ಒತ್ತಿದ. ಯಂತ್ರ ಆ ತುದಿಯವರೆಗೂ ನೇರವಾಗಿ ಹೋಯಿತು. ಮಾಲಿಯ ಕಣ್ಣು ತುಂಬಿತು.

ಭಾನುವಾರ ಪಂದ್ಯ ನಡೆಯಿತು. ಮೇಲ್ವಿಚಾರಕ ಸಾಲುಗಳನ್ನು ನೋಡಿ ತಲೆದೂಗಿ ಹೋದ. ಮಾಲಿ ಹೊತ್ತಿಗೆ ಮುಂಚೆ ಮನೆ ಸೇರಿದ. ಕಾಫಿ ಬಿಸಿಯಾಗಿತ್ತು.

ಮುಂದಿನ ವರ್ಷ ಮತ್ತೆ ಹಬ್ಬ ಬಂತು. ಮಾಲಿ ಯಂತ್ರದ ಅಡಿಗೆ ಮೆತ್ತಿದ್ದ ಹುಲ್ಲನ್ನೆಲ್ಲ ಕೆರೆದು ತೆಗೆದ. ಸರಳುಗಳ ಕೀಲುಗಳಿಗೆ ಎಣ್ಣೆ ಬಿಟ್ಟ. ಎರಡು ಚಕ್ರಕ್ಕೂ ಸಮವಾಗಿ ಗಾಳಿ ತುಂಬಿದ. ಆಮೇಲೆ ಕುಂಕುಮವಿಟ್ಟು, ಬಿಡಿ ಹೂವುಗಳನ್ನು ಯಂತ್ರದ ಮುಂದೆ ನೆಲದ ಮೇಲೆ ಹರಡಿ ಕೈಮುಗಿದ. ಯಂತ್ರ ಆ ಹೂವಿನ ಮೇಲೆ ಹಾದು ಕೆಲಸಕ್ಕೆ ಹೋಯಿತು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಹೇಳಿದ: "ಕತೆ ಅರ್ಥವಾಯಿತು ಗುರುಗಳೇ. ಆದರೆ ಅಕ್ಕ ಯಂತ್ರವಲ್ಲವಲ್ಲ. ಇಷ್ಟು ವರ್ಷ ದುಡಿದವಳು, ಇನ್ನಾದರೂ ಕೂತು ಉಣ್ಣಲಿ ಎಂದು ನಾನು ಬಯಸುವುದು ತಪ್ಪೇ? ಅವಳು ಹೋದ ಮೇಲೆ ನಾನು ಅವಳಿಗಾಗಿ ಏನು ತಾನೇ ಮಾಡಬಲ್ಲೆ?"

ಗುರುಗಳು ಎದ್ದು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡರು.

"ಟ್ರಂಕು ಇಳಿಸಲು ಅಟ್ಟ ಎತ್ತರವಾದರೆ ನಮ್ಮ ಹಿತ್ತಿಲಲ್ಲಿ ಏಣಿಯಿದೆ, ತೆಗೆದುಕೊಂಡು ಹೋಗು."