ಫಿಲ್ಟರಿನ ಆಚೆ ಬದಿ

ಪಂದ್ಯದ ದೋಣಿಯೊಂದರ ಎಂಜಿನ್ನಿನಲ್ಲಿ ಎಣ್ಣೆ ಸೋಸಿ ಸೋಸಿ ಫಿಲ್ಟರಿಗೆ ಸಾಕಾಗಿ ಹೋಗಿತ್ತು. ಹೊಟ್ಟೆಯೊಳಗೆಲ್ಲ ಕೊಳೆ ಕಟ್ಟಿ, ಈಚೆಯ ಎಣ್ಣೆ ಆಚೆ ದಾಟುವುದೇ ಕಷ್ಟವಾಗಿತ್ತು. ದೋಣಿ ಪೂರ್ತಿ ವೇಗದಲ್ಲಿದ್ದಾಗ ಆಚೆ ಬದಿಯ ಬೇರಿಂಗ್ ಕೂಗಿಕೊಂಡಿತು: "ಫಿಲ್ಟರಣ್ಣಾ, ಒಣಗಿ ಸುಟ್ಟುಹೋಗುತ್ತಿದ್ದೇನೆ! ಎಣ್ಣೆ ಬಿಡು!"

ಫಿಲ್ಟರು ಈಚೆ ಬದಿಯ ಪ್ರೆಶರ್ ಮೀಟರಿಗೆ ಹೇಳಿತು: "ಮೀಟರ್ ರಾಯರೇ, ಮುಳ್ಳನ್ನು ತುಸು ಇಳಿಸಿ. ದೋಣಿಯ ಧಣಿ ನೋಡಿ ಎಂಜಿನ್ ನಿಲ್ಲಿಸಲಿ."

"ಇಳಿಸುವುದೇ? ಎಣ್ಣೆ ನಿನ್ನ ಬಾಗಿಲಲ್ಲೇ ನಿಂತು ಒತ್ತುತ್ತಿದೆ. ನನ್ನ ಮುಳ್ಳು ಎಂದೂ ಇಷ್ಟು ಮೇಲೇರಿರಲಿಲ್ಲ. ಅದನ್ನು ನೋಡಿ ಧಣಿ ಹೆಮ್ಮೆಯಿಂದ ಮೀಸೆ ತಿರುವುತ್ತಿದ್ದಾರೆ. ಆಚೆ ಬದಿಯ ಗೋಳು ನನಗೆ ಸಂಬಂಧಿಸಿದ್ದಲ್ಲ."

ವಾದಿಸಲು ಫಿಲ್ಟರಿಗೆ ತ್ರಾಣವಿರಲಿಲ್ಲ. ಪಕ್ಕದ ಕವಾಟವನ್ನು ತೆರೆದರೆ ಎಣ್ಣೆಯೇನೋ ದಾಟುತ್ತಿತ್ತು, ಆದರೆ ಸೋಸದೆ ದಾಟುತ್ತಿತ್ತು. ಇಷ್ಟು ದಿನದ ಹೆಸರೂ ಕೆಡುತ್ತಿತ್ತು. "ಬೇರಿಂಗಮ್ಮಾ, ಕೊಳಕು ಎಣ್ಣೆ. ಮೈಗೆ ಗೀರು ಬಿದ್ದೀತು," ಎಂದಿತು.

"ಬೀಳಲಿ ಮಾರಾಯಾ, ಜೀವ ಉಳಿದರೆ ಸಾಕು!"

ಫಿಲ್ಟರು ಕವಾಟ ತೆರೆಯಿತು. ಬಾಗಿಲಲ್ಲಿ ಒತ್ತುತ್ತಿದ್ದ ಎಣ್ಣೆ ಆಚೆ ನುಗ್ಗಿತು, ಈಚೆ ಮೀಟರಿನ ಮುಳ್ಳು ಸರ್ರನೆ ಇಳಿಯಿತು. ಧಣಿ ಗಾಬರಿಯಿಂದ ಎಂಜಿನ್ ನಿಲ್ಲಿಸಿ, ಫಿಲ್ಟರನ್ನು ಬಿಚ್ಚಿ, "ದರಿದ್ರದ್ದು!" ಎಂದು ಕಸದ ಡಬ್ಬಿಗೆಸೆದು ಹೊಸದನ್ನು ಕೂರಿಸಿದ. ಆಮೇಲೆ ಮೀಟರಿನ ಗಾಜು ಒರೆಸುತ್ತ, "ನೀನು ಹೇಳದಿದ್ದರೆ ಎಂಜಿನ್ನೇ ಹೋಗುತ್ತಿತ್ತು," ಎಂದ.

"ಕೇಳಿಸಿತೇ? ಇಲ್ಲಿ ನನ್ನ ಮುಳ್ಳು ನೋಡಿಕೊಂಡು ಕೆಲಸ ಮಾಡು," ಎಂದು ಮೀಟರು ಹೊಸ ಫಿಲ್ಟರಿಗೆ ತಾಕೀತು ಮಾಡಿತು.

ಹಳೆಯದು ಡಬ್ಬಿಯೊಳಗಿಂದಲೇ ದಣಿದ ದನಿಯಲ್ಲಿ ಹೇಳಿತು: "ರಾಯರ ಮುಳ್ಳು ಅದರ ಪಾಡಿಗೆ ಇರಲಿ, ತಮ್ಮಾ. ಎಣ್ಣೆ ಬಂದು ಮುಟ್ಟಿತೇ ಅಂತ ಬೇರಿಂಗಮ್ಮನನ್ನು ಕೇಳು."