ಸೂಲವ್ವನ ಕಡ್ಡಿಗೆ ಒಗ್ಗದ ಬೆರಳುಗಳು

ಭೂಮಿಯ ಮಣ್ಣು ಇನ್ನೂ ಆರಿರಲಿಲ್ಲ. ಎಲ್ಲಿ ಕೂರುವುದೆಂದು ಗೊತ್ತಾಗದೆ ಬೆಟ್ಟಗಳು ಅತ್ತಿತ್ತ ಸರಿದಾಡುತ್ತಿದ್ದವು. ಹೊಳೆಗಳಿಗೆ ಕಾಲೂ ಇತ್ತು, ಬಾಯಿಯೂ ಇತ್ತು. ಆಗಿನ ಮಾತು ಇದು.

ಆ ಕಾಲಕ್ಕೆ ಕಾಡಿಗೆಲ್ಲ ಒಬ್ಬಳೇ ಸೂಲಗಿತ್ತಿ. ಹೆಸರು ಸೂಲವ್ವ. ಇಲಿಗೂ ಅವಳೇ, ಹಲ್ಲಿಗೂ ಅವಳೇ, ಮನುಷ್ಯರಿಗೂ ಅವಳೇ. ಬಸುರಿಯ ಹೊಟ್ಟೆಯ ಮೇಲೆ ಅಂಗೈಯಿಟ್ಟರೆ ಸಾಕು, ಒಳಗಿನ ಕೂಸು ಹಸಿ ಮಣ್ಣಿನ ಹಾಗೆ ಅವಳ ಕೈಗೆ ಸಿಗುತ್ತಿತ್ತು. ಮೂಗು ತಿದ್ದುವಳು, ಕಿವಿ ಮಡಚುವಳು, ಕೊನೆಗೆ ಬೆರಳು ಎಳೆಯುವಳು.

ಬೆರಳಿನ ವಿಷಯದಲ್ಲಿ ಮಾತ್ರ ಅವಳದು ಭಾರಿ ಹಟ. ಸೆರಗಿನ ತುದಿಗೆ ಒಂದು ಹುಲ್ಲುಕಡ್ಡಿ ಕಟ್ಟಿಕೊಂಡಿರುತ್ತಿದ್ದಳು. ಇಲಿಗೆ ಕಡ್ಡಿಯ ತುದಿಯಷ್ಟು, ಮನುಷ್ಯರಿಗೆ ಇಡೀ ಕಡ್ಡಿಯಷ್ಟು. ಆದರೆ ಒಂದು ಕೈ ಅಂದಮೇಲೆ ಬೆರಳೆಲ್ಲ ಒಂದೇ ಸಮ, ಬಾಚಣಿಗೆಯ ಹಲ್ಲು ನೋಡಿದ ಹಾಗೆ.

ಅವಳ ಕೆಲಸ ಮುಗಿದು ಬೆರಳು ಆರಿದ ಮೇಲೆ, ಕೂಸಿಗೆ ನೀರು ಹನಿಸಿ ಬೆಳೆಸಲು ಇಬ್ಬರು ಬರಬೇಕು. ಒಬ್ಬ ಕಾವಣ್ಣ, ಬಿಸಿನೀರ ಹೊಳೆ. ಇನ್ನೊಬ್ಬಳು ಅವನ ತಂಗಿ ತಂಪಕ್ಕ, ತಣ್ಣೀರ ಹೊಳೆ. ಗಂಡುಕೂಸಿಗೆ ಕಾವಣ್ಣ ಹೆಚ್ಚು ಹನಿಸುವನು, ಹೆಣ್ಣುಕೂಸಿಗೆ ತಂಪಕ್ಕ ಹೆಚ್ಚು ಹನಿಸುವಳು. ಹಾಗಂತ ಒಬ್ಬರೇ ಸಾಲದು. ಅನ್ನಕ್ಕೆ ಬೆಂಕಿಯೂ ಬೇಕು, ನೀರೂ ಬೇಕಲ್ಲ, ಹಾಗೆ. ಬೆರಳು ಹಸಿಯಾಗಿರುವಾಗ ಮಾತ್ರ ಇಬ್ಬರೂ ಹತ್ತಿರ ಸುಳಿಯಬಾರದು, ಹನಿ ಬಿದ್ದರೆ ಅಳತೆ ಮೀರಿ ಬೆಳೆದೀತು. ಇದು ಸೂಲವ್ವನ ಕಟ್ಟಪ್ಪಣೆ.

ಆ ವರ್ಷ ಬೂದಿ ಎಂಬ ಮುಸಿಯ, ಅದೇ ಕಪ್ಪು ಮೋರೆಯ ಕೋತಿ, ಬಸುರಿಯಾದಳು. ಹೋದ ಸಲ ಅವಳು ಅತ್ತಿಮರದಿಂದ ಬಸರಿಮರಕ್ಕೆ ಜಿಗಿದಾಗ, ಹೊಟ್ಟೆಗೆ ಕಚ್ಚಿಕೊಂಡಿದ್ದ ಕೂಸಿನ ಕೈ ಜಾರಿತ್ತು. ಕೆಳಗೆ ಬಿದ್ದ ಕೂಸು ಮತ್ತೆ ಏಳಲಿಲ್ಲ. ಹಿಡಿತ ಸಿಗಲಿಲ್ಲ ಕಣವ್ವ, ಬೆರಳು ಜಾರಿದವು ಎಂದು ಬೂದಿ ಅತ್ತಿದ್ದಳು. ನಾನೆಳೆದ ಬೆರಳಿಗೆ ಕುಂದು ಹೇಳಬೇಡ, ನಿನ್ನ ಜಿಗಿತವೇ ಹೆಚ್ಚಾಯಿತು ಎಂದು ಸೂಲವ್ವ ಗದರಿ ಎದ್ದುಬಂದಿದ್ದಳು. ಬಂದಳೇನೋ ಸರಿ, ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು. ಈ ಸಲ ಯಾರೂ ಸೊಲ್ಲೆತ್ತದ ಹಾಗೆ ಮಾಡುತ್ತೇನೆ ಎಂದು ಬೆಳಗಿನಿಂದ ಕೂತು, ಕಡ್ಡಿ ಹಿಡಿದು, ಒಂದೊಂದೇ ಬೆರಳು ಎಳೆದಳು. ಎಂಥ ಸಮ ಅಂತೀರಿ! ಇನ್ನು ಆರಿದರೆ ಮುಗಿಯಿತು.

ಆಗಲೇ ಬಂತು ನೋಡಿ, ಬಯಕೆಯೂಟ.

ಬಸುರಿಯನ್ನು ನಡುವೆ ಕೂರಿಸಿ ಅವಳು ಬಯಸಿದ್ದನ್ನು ಬಡಿಸುವುದು ಪದ್ಧತಿ. ಬೂದಿ ಬಯಸಿದ್ದು ಹುಣಸೆ ಚಿಗುರು. ಅದನ್ನೊಂದು ಬಿಟ್ಟು ಮಿಕ್ಕಿದ್ದೆಲ್ಲ ಬಂತು. ಅತ್ತೆ ಕರಿಮೋರೆ ಎಳ್ಳುಂಡೆ ತಂದಳು, ಕೂಸಿಗೆ ಉಷ್ಣ ಬೇಕಂತೆ. ತವರಿಂದ ಅವ್ವ ಎಳನೀರು ತಂದಳು, ಕೂಸಿಗೆ ತಂಪು ಬೇಕಂತೆ. ಬಸುರಿಯ ಬಾಯಿಗೆ ಒಬ್ಬಳು ತುರುಕಿದಳು, ಒಬ್ಬಳು ಹೊಯ್ದಳು.

"ಬೀಗಿತ್ತಿ, ನಿಮ್ಮ ಎಳನೀರು ಕುಡಿದ ಕೂಸು ಕೆಮ್ಮುತ್ತಲೇ ಹುಟ್ಟುತ್ತೆ" ಅಂದಳು ಕರಿಮೋರೆ.

"ನಿಮ್ಮ ಎಳ್ಳುಂಡೆ ತಿಂದದ್ದು ಹುಟ್ಟುವ ಮುಂಚೆಯೇ ಬೈಯೋದು ಕಲಿಯುತ್ತೆ, ನಿಮ್ಮ ಮಗನ ಹಾಗೆ" ಅಂದಳು ಅವ್ವ.

ಕೂಸು ಹಸಿಯಾಗಿದೆ, ಮೆಲ್ಲಗೆ ಮಾತಾಡಿ ಎಂದು ಸೂಲವ್ವ ಬೇಡಿದಳು. ಕೇಳುವವರು ಯಾರು? ಮರದ ಮೇಲೆ ಕೂತು ನಗುತ್ತಿದ್ದ ಗಾಳಿ, ಆ ಚಾಡಿಕೋರ, ಹೊಳೆಗಳ ಹತ್ತಿರ ಓಡಿತು. ಕಾವಣ್ಣನ ಕಿವಿಯಲ್ಲಿ, ನಿನ್ನ ತಂಗಿಯನ್ನೇ ಮೊದಲು ಕರೆಯುತ್ತಾರಂತೆ ಅಂತ ಊದಿತು. ತಂಪಕ್ಕನ ಕಿವಿಯಲ್ಲಿ, ನಿಮ್ಮಣ್ಣನನ್ನೇ ಮೊದಲು ಕರೆಯುತ್ತಾರಂತೆ ಅಂತ ಊದಿತು.

ಇನ್ನೇನು ಬೇಕು? ಇಬ್ಬರೂ ಒಬ್ಬರನ್ನೊಬ್ಬರು ತಳ್ಳಿಕೊಂಡು ಬೂದಿಯ ಬಸಿರೊಳಗೆ ನುಗ್ಗಿದರು. ಕಾವಣ್ಣ ಉಂಗುರದ ಬೆರಳು ಹಿಡಿದು ಹನಿಸಿದ. ಅದು ಸರಕ್ಕನೆ ಬೆಳೆಯಿತು. ತಂಪಕ್ಕ ತೋರುಬೆರಳು ಹಿಡಿದು ಹನಿಸಿದಳು. ಅದೂ ಬೆಳೆಯಿತು. ಎರಡೂ ಕಡೆಯಿಂದ ಸಿಡಿದದ್ದು ನಡುಬೆರಳಿಗೆ ಬಿದ್ದು ಅದು ಎಲ್ಲಕ್ಕಿಂತ ಉದ್ದವಾಯಿತು. ಕಿರುಬೆರಳಿಗೆ ಏನೂ ಸಿಗಲಿಲ್ಲ. ಹೆಬ್ಬೆರಳು ಹೆದರಿ ಪಕ್ಕಕ್ಕೆ ಸರಿದು ಕೂತಿತು.

ಸೂಲವ್ವ ಇಬ್ಬರನ್ನೂ ಕಿವಿ ಹಿಡಿದು ಈಚೆಗೆ ಎಳೆದಳು. ಬೆರಳುಗಳನ್ನು ಒತ್ತಿದಳು, ತಿಕ್ಕಿದಳು. ಏನು ಮಾಡಿದರೂ ಹಿಂದಕ್ಕೆ ಹೋಗಲಿಲ್ಲ. ಹಸಿ ಮಡಕೆಗೆ ಬಿದ್ದ ಕೈಗುರುತು ಅದು, ಆರಿಬಿಟ್ಟಿತ್ತು.

"ಒಂದು ಭತ್ತದ ಕಾಳಿನಷ್ಟು ತಾನೇ ಅವ್ವ" ಅಂದ ಕಾವಣ್ಣ, ಕಿವಿ ಸವರಿಕೊಳ್ಳುತ್ತ.

"ಅದೇ ಕಾಳು ನಿನ್ನ ಕಣ್ಣಿಗೆ ಬೀಳಲಿ, ಎಷ್ಟು ಅಂತ ಆಗ ಹೇಳುವೆಯಂತೆ" ಅಂದಳು ಸೂಲವ್ವ. ಸಾಕಪ್ಪಾ ಸಾಕು, ಈ ಅತ್ತೆಯರೂ ಸಾಕು, ಅವ್ವಂದಿರೂ ಸಾಕು, ಹೊಳೆಗಳೂ ಸಾಕು ಎಂದು ತಲೆ ಹಿಡಿದು ಕೂತಳು. ಸಮವಾಗಿದ್ದ ಬೆರಳೇ ಜಾರಿತ್ತಲ್ಲ, ಈ ಏರುಪೇರು ಬೆರಳು ಏನನ್ನು ಹಿಡಿದೀತು?

ಕೂಸು ಹುಟ್ಟಿತು, ಹೆಣ್ಣು. ಬೂದಿ ಅದನ್ನು ಅಪ್ಪಿಕೊಂಡು ಅತ್ತಿಮರದಲ್ಲೇ ಕೂತಳು. ಜಿಗಿಯಲಿಲ್ಲ. ಹಣ್ಣು ಮುಗಿದು ಎಲೆ ತಿಂದಳು, ಎಲೆಯೂ ಮುಗಿಯಿತು. ಆದರೂ ಜಿಗಿಯಲಿಲ್ಲ. ಸೂಲವ್ವ ಮರದ ಕೆಳಗೆ ನಿಂತು ಎಲ್ಲರನ್ನೂ ಬೈಯುತ್ತ, ಬೂದಿಗೆ ಮಾತ್ರ ಕೂತಿರು ತಾಯಿ ಅನ್ನುತ್ತಿದ್ದಳು.

ಒಂದು ಸಂಜೆ ಚಿರತೆ ಬಂತು. ಸೂಲವ್ವ ಕಲ್ಲೆಸೆದಳು, ಕೂಗಿದಳು. ಅದು ಅವಳತ್ತ ತಿರುಗಿಯೂ ನೋಡದೆ ಮರ ಹತ್ತಿತು. ಬೂದಿಗೆ ಕೂರುವಂತಿರಲಿಲ್ಲ. ಕೂಸನ್ನು ಹೊಟ್ಟೆಗೆ ಒತ್ತಿಕೊಂಡಳು. ಜಿಗಿಯಬೇಕಾದರೆ ಕೈ ಬಿಡಲೇಬೇಕು. ಬಿಟ್ಟಳು, ಜಿಗಿದಳು.

ಸೂಲವ್ವ ಕಣ್ಣು ಮುಚ್ಚಿಕೊಂಡಳು. ಏನೋ ಬೀಳುವ ಸದ್ದಿಗೆ ಕಾದಳು. ಸದ್ದು ಬರಲಿಲ್ಲ.

ಚಿರತೆ ಇಳಿದು ಹೋದಮೇಲೆ ಬೂದಿ ಬಸರಿಮರದಿಂದ ಕೆಳಕ್ಕೆ ಬಂದಳು. ಕೂಸು ಹೊಟ್ಟೆಯ ಕೂದಲನ್ನು ಗಂಟು ಹಾಕಿದ ಹಾಗೆ ಹಿಡಿದಿತ್ತು. ಸೂಲವ್ವ ಬಗ್ಗಿ ನೋಡಿದಳು. ಚಾಚಿದಾಗ ಏರುಪೇರಾಗಿದ್ದ ಬೆರಳುಗಳು ಮಡಚಿದಾಗ ತುದಿಗೆ ತುದಿ ಕೂಡಿ ಒಂದೇ ಸಾಲಾಗಿದ್ದವು. ಬಿಡಿಸಲು ನೋಡಿದಳು. ಬಿಡಲಿಲ್ಲ.

"ಈ ಸಲ ಜಾರಲಿಲ್ಲ ಅವ್ವ" ಅಂದಳು ಬೂದಿ. ಅಷ್ಟೇ ಅಂದಳು.

"ನನಗೇನು ಕಣ್ಣಿಲ್ಲವೇ?" ಎಂದು ಸೂಲವ್ವ ಗೊಣಗಿದಳು. ಸೆರಗಿನ ಗಂಟು ಬಿಚ್ಚಿ, ಹುಲ್ಲುಕಡ್ಡಿಯನ್ನು ಕೂಸಿನ ಬಾಯಿಗೆ ಕೊಟ್ಟಳು. ಅದು ಜಗಿದು ಉಗುಳಿತು. ಆಮೇಲೆ ಹೊಳೆಗಳನ್ನು ಕರೆದು, ಇನ್ನುಮೇಲೆ ಹಸಿಯಿರುವಾಗಲೇ ಬಂದು ಹನಿಸಿ ಹೋಗಿ, ಯಾರು ಎಷ್ಟು ಅಂತ ನನ್ನ ಹತ್ತಿರ ಪಂಚಾಯಿತಿಗೆ ಬರಬೇಡಿ ಅಂದಳು.

ಇಂದಿಗೂ ಅವರು ಒಬ್ಬರನ್ನೊಬ್ಬರು ತಳ್ಳಿಕೊಂಡೇ ಬರುತ್ತಾರೆ. ಒಂದು ಬಸಿರಲ್ಲಿ ಕಾವಣ್ಣ ಮುಂದು, ಇನ್ನೊಂದರಲ್ಲಿ ತಂಪಕ್ಕ. ಇಲಿಯ ಪಾದದಲ್ಲೂ ಅದೇ ಗುರುತು, ಹಲ್ಲಿಯ ಪಾದದಲ್ಲೂ ಅದೇ. ನಿನ್ನ ಕೈ ಚಾಚು ನೋಡೋಣ ಮಗಾ, ಉಂಗುರದ ಬೆರಳು ಉದ್ದವೋ, ತೋರುಬೆರಳು ಉದ್ದವೋ? ನೀನು ಹುಟ್ಟುವ ಮುಂಚಿನ ನೂಕಾಟ ನಿನಗೂ ನೆನಪಿಲ್ಲ, ನಿಮ್ಮವ್ವನಿಗೂ ಗೊತ್ತಿಲ್ಲ, ಬೆರಳಿಗೆ ಮಾತ್ರ ಗೊತ್ತು. ಅದಕ್ಕೇ ಚಾಚಿದರೆ ಐದು ಬೆರಳೂ ಸಮ ಇರುವುದಿಲ್ಲ, ತಟ್ಟೆಯಿಂದ ತುತ್ತು ಎತ್ತುವಾಗ ಮಾತ್ರ ಐದೂ ತಲೆ ಬಾಗಿಸಿ ಒಂದೇ ಸಮ ಆಗುತ್ತವೆ.